ವಂಶ ಹೇಳುವ ಕಲ್ಲು, ಸಭೆ ಹೇಳುವ ಚಾಪೆ: ಕೊಪಾನ್ ನಗರದ ಆಡಳಿತವನ್ನು ಓದುವ ಬಗೆ

ಧ್ವನಿ ಕೇಳಿಸ್ತಾ ಉಂಟಲ್ಲ? ಸರಿ, ಶುರು ಮಾಡ್ತೇನೆ.

ಇವತ್ತು ನಾನು ಎತ್ತಿಕೊಂಡದ್ದು ಕೊಪಾನ್ ಎಂಬ ಮಾಯಾ ನಗರದ ಒಂದು ಕಲ್ಲನ್ನು. ಕೊಪಾನ್ ಇರುವುದು ಇಂದಿನ ಹೊಂಡುರಾಸ್‌ನ ಪಶ್ಚಿಮದಲ್ಲಿ, ಗ್ವಾಟೆಮಾಲಾ ಗಡಿಯ ಹತ್ತಿರ. ಮಾಯಾ ಜಗತ್ತಿನ ಆಗ್ನೇಯ ಅಂಚು ಅದು. ಆಚೆಗೆ ಬೇರೆ ಭಾಷೆಯ ಜನ. ಸಂಶೋಧಕರು 'ಆಲ್ಟರ್ ಕ್ಯೂ' ಎನ್ನುವ ಈ ಚೌಕ ಪೀಠದ ಬದಿಗೆ ನಾಲ್ವರಂತೆ ಒಟ್ಟು ಹದಿನಾರು ಮಂದಿ ಕೂತಿದ್ದಾರೆ. ಹಿಂದೆ ಇದನ್ನು ಖಗೋಳ ಪಂಡಿತರ ಸಭೆ ಅಂತ ಓದಿದ್ದುಂಟು. ಲಿಪಿ ಬಿಡಿಸಿದ ಮೇಲೆ ಗೊತ್ತಾಯಿತು, ಇವರು ಹದಿನಾರು ಅರಸರು. ಕ್ರಿ.ಶ. 426ರಲ್ಲಿ ವಂಶ ಸ್ಥಾಪಿಸಿದ ಕಿನಿಚ್ ಯಾಷ್ ಕುಕ್ ಮೋ ಅಧಿಕಾರದ ಲಾಂಛನವನ್ನು ನೇರವಾಗಿ ಹದಿನಾರನೆಯ ಅರಸ ಯಾಷ್ ಪಸಾಹ್‌ನ ಕಡೆಗೆ ಚಾಚಿದ್ದಾನೆ. 776ರಲ್ಲಿ ಈ ಕಲ್ಲನ್ನು ಪ್ರತಿಷ್ಠಾಪಿಸಿದವನೂ ಅದೇ ಯಾಷ್ ಪಸಾಹ್.

ನನ್ನ ತಕರಾರು ಇಲ್ಲಿಂದ ಶುರು. ಈ ಕಲ್ಲನ್ನು ನಾವು ರಾಜರ ಪಟ್ಟಿ ಅಂತ ಬಳಸ್ತೇವೆ. ಪಟ್ಟಿ ಹೌದು, ಆದರೆ ಅದಕ್ಕಿಂತ ಮೊದಲು ಇದೊಂದು ವಾದ. 350 ವರ್ಷ ಅಂತರದ ಇಬ್ಬರನ್ನು ಎದುರುಬದುರು ಕೂರಿಸುವ ಅಗತ್ಯ ಯಾರಿಗೆ ಬರುತ್ತದೆ? ಹಕ್ಕಿನ ಬಗ್ಗೆ ಯಾರೂ ಪ್ರಶ್ನೆ ಎತ್ತದ ಅರಸನಿಗೆ ಬರುವುದಿಲ್ಲ.

738ರಲ್ಲಿ ಏನಾಯಿತು ನೋಡಿ. ಹದಿಮೂರನೆಯ ಅರಸ ವಷಕ್ಲಹೂನ್ ಉಬಾಹ್ ಕವೀಲ್‌ನನ್ನು ಕಿರಿಗುವಾದ ದೊರೆ ಸೆರೆಹಿಡಿದು ತಲೆ ಕಡಿಸಿದ. ಆ ದೊರೆಯ ಪಟ್ಟಕ್ಕೆ ಹಿಂದೆ ಒಪ್ಪಿಗೆ ಕೊಟ್ಟವನೇ ಇವನು! ಆದರೆ ಪೀಠದ ಮೇಲೆ ಈತ ಉಳಿದವರ ಹಾಗೆಯೇ ಕೂತಿದ್ದಾನೆ. ಸೋಲಿನ ಗುರುತೇ ಇಲ್ಲ.

ಇನ್ನು ಚಾಪೆಯ ವಿಷಯ. ನಮ್ಮಲ್ಲಿ 'ಗದ್ದುಗೆ' ಎಂದ ಹಾಗೆ ಮಾಯಾ ಜನರಲ್ಲಿ ಚಾಪೆ ಅಧಿಕಾರದ ಸಂಕೇತ. ಈ ಸೋಲಿನ ನಂತರ, 746ರ ಸುಮಾರಿಗೆ ಕಟ್ಟಿದ್ದೆನ್ನಲಾದ ಒಂದು ಕಟ್ಟಡದ ಗೋಡೆಯಲ್ಲಿ ಚಾಪೆಯ ಹೆಣಿಗೆ ಕೆತ್ತಿದ್ದಾರೆ. ಕೂತ ಗಣ್ಯರೂ, ಅವರ ಕೆಳಗೆ ಸ್ಥಳನಾಮಗಳಂತಹ ಚಿಹ್ನೆಗಳೂ ಉಂಟು. ಬಾರ್ಬರಾ ಫ್ಯಾಷ್, ವಿಲಿಯಂ ಫ್ಯಾಷ್ ಮತ್ತು ಸಂಗಡಿಗರು ಇದನ್ನು 'ಪೊಪೊಲ್ ನಾ', ಅಂದರೆ ಸಭಾಮನೆ ಎಂದು ಓದಿದರು: ಪೆಟ್ಟು ತಿಂದ ಅರಸ ಊರೂರಿನ ಮುಖಂಡರನ್ನು ಜೊತೆಗೆ ಕೂರಿಸಿಕೊಂಡ ಎಂದು.

ಈ ಓದು ಆಕರ್ಷಕ. ಆದರೆ ಇದನ್ನು 'ಪ್ರಜಾಪ್ರಭುತ್ವ' ಅಂತ ಹಿಗ್ಗಿಸಿದರೆ ತಪ್ಪು. ಸಭಾಮನೆ ನಿಂತಿರುವುದು ಅರಮನೆಯ ಆವರಣದೊಳಗೇ, ಕರೆಯುವವನು ಅರಸನೇ. ಗಟ್ಟಿ ಸಾಕ್ಷಿ ಬೇಕಾದರೆ ಲಾಸ್ ಸೆಪುಲ್ತುರಾಸ್ ಎಂಬ ಕಡೆ ನೋಡಬೇಕು. ಯಾಷ್ ಪಸಾಹ್‌ನ ಕಾಲದಲ್ಲಿ ಅಲ್ಲಿನ ಗಣ್ಯರ ಮನೆಯಲ್ಲೂ ಲಿಪಿ ಕೆತ್ತಿದ ಕಲ್ಲಿನ ಆಸನ ಉಂಟು. ಕಲ್ಲಿನಲ್ಲಿ ಬರೆಸುವ ಹಕ್ಕು ಅರಸನ ಮುಷ್ಟಿಯಿಂದ ಜಾರಿದ್ದು ಇಲ್ಲಿ ಕಾಣುತ್ತದೆ. ಹಾಗಾಗಿ ನನ್ನ ಓದು ಇಷ್ಟೇ: ಅಧಿಕಾರ ಹಂಚಿಹೋದಷ್ಟೂ ವಂಶದ ಮಾತು ಜೋರಾಗಿದೆ. ಆಲ್ಟರ್ ಕ್ಯೂ ಬಲದ ಘೋಷಣೆ ಅಲ್ಲ, ಆತಂಕದ ದಾಖಲೆ.

ಪ್ರಶ್ನೆ (ಸಂಶೋಧನ ವಿದ್ಯಾರ್ಥಿನಿ): ಸರ್, ಅರಸನೂ ಗಣ್ಯರೂ ಸಿಕ್ಕಿದರು. ಗದ್ದೆಯಲ್ಲಿ ದುಡಿದವರು ಎಲ್ಲಿದ್ದಾರೆ?

ಉತ್ತರ: ಕಲ್ಲಿನ ಬರಹದಲ್ಲಿ ಇಲ್ಲಮ್ಮ. ಅವರನ್ನು ಮನೆಗಳ ಪಾಯದಲ್ಲಿ, ಮಣ್ಣಿನಲ್ಲಿ, ಎಲುಬಿನಲ್ಲಿ ಹುಡುಕಬೇಕು. ಶಾಸನ ಮಾತ್ರ ಓದಿದರೆ ಆಳುವವರ ಇತಿಹಾಸವೇ ಸಿಗುವುದು. ನಮ್ಮ ಶಾಸನಗಳಿಗೂ ಈ ಎಚ್ಚರ ಬೇಕು. ಒಂದೇ ಮಾತು ಸೇರಿಸ್ತೇನೆ. 822ರ ತಾರೀಕಿನ ಇನ್ನೊಂದು ಪೀಠ ಉಂಟು, ಆಲ್ಟರ್ ಎಲ್. ಉಕಿತ್ ತೋಕ್ ಎಂಬವನು ಅದೇ ಆಲ್ಟರ್ ಕ್ಯೂ ಮಾದರಿಯಲ್ಲಿ ಯಾಷ್ ಪಸಾಹ್‌ನ ಎದುರು ಕೂತಿದ್ದಾನೆ. ಆದರೆ ಆ ಕೆತ್ತನೆ ಮುಗಿಯಲೇ ಇಲ್ಲ. ವಾದ ಅದೇ ಇತ್ತು, ಒಪ್ಪುವವರು ಉಳಿದಿರಲಿಲ್ಲ.