ಸೈಕಲ್ಲು ಹೊತ್ತ ಪ್ರವಾಸಿ

ಪ್ರವಾಸ ಗ್ರಂಥಗಳಲ್ಲಿ ಸಾಹಸದ ವರ್ಣನೆ ಹೆಚ್ಚಿದಷ್ಟೂ ದೇಶದ ವರ್ಣನೆ ಕಡಮೆಯಾಗುವುದುಂಟು. ಲೇಖಕನೇ ಬೆಟ್ಟದಷ್ಟು ಬೆಳೆದು ಬೆಟ್ಟ ಮರೆಯಾಗುತ್ತದೆ. ಐರ್ಲೆಂಡಿನ ಡರ್ವ್ಲಾ ಮರ್ಫಿಯವರು 1965ರಲ್ಲಿ ಪ್ರಕಟಿಸಿದ ‘ಫುಲ್ ಟಿಲ್ಟ್’ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ಮೊನ್ನೆ ಅದನ್ನು ಮತ್ತೊಮ್ಮೆ ಓದಿದಾಗ, ಪಾರಾದ ಬಗೆಯೇ ವಿಚಾರಯೋಗ್ಯವೆಂದು ನನಗೆ ತೋರಿತು.

ಕಥೆ ಸರಳವಾದುದು. ಹತ್ತನೆಯ ಹುಟ್ಟುಹಬ್ಬಕ್ಕೆ ಹುಡುಗಿಗೆ ಒಂದು ಹಳೆಯ ಸೈಕಲ್ಲೂ ಒಂದು ಭೂಪಟಗಳ ಪುಸ್ತಕವೂ ಬಂದವು. ಸೈಕಲ್ಲಿನಲ್ಲಿಯೇ ಇಂಡಿಯಾಕ್ಕೆ ಹೋಗಬೇಕೆಂಬ ನಿಶ್ಚಯ ಆಗಲೇ ಆಯಿತು. ಆದರೆ ಹದಿನಾಲ್ಕರಲ್ಲಿ ಶಾಲೆ ಬಿಟ್ಟು ರೋಗಿಯಾದ ತಾಯಿಯ ಶುಶ್ರೂಷೆಗೆ ನಿಲ್ಲಬೇಕಾಯಿತು. ತಂದೆತಾಯಿಗಳಿಬ್ಬರೂ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ, ಯುರೋಪೆಲ್ಲ ಹಿಮದಲ್ಲಿ ಹೂತಿದ್ದಾಗ ಆಕೆ ಹೊರಟರು. ಸೈಕಲ್ಲಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ಮುದ್ದಿಗೆ ‘ರಾಝ್’. ತೋಳಗಳ ಮೇಲೆ ಪಿಸ್ತೂಲು ಹಾರಿಸಿದ ಪ್ರಸಂಗವನ್ನು ಎಲ್ಲರೂ ಎತ್ತಿ ಹೇಳುತ್ತಾರಾದ್ದರಿಂದ ನಾನು ಬಿಡುತ್ತೇನೆ.

ನನ್ನ ಗಮನವನ್ನು ಸೆಳೆದದ್ದು ಬೇರೊಂದು ಸಣ್ಣ ಸಂಗತಿ. ಹೊರಡುವ ಮುಂಚೆ ಆಕೆ ಸೈಕಲ್ಲಿನ ಗೇರುಗಳನ್ನು ತೆಗೆಸಿಬಿಟ್ಟರು; ಏಷ್ಯದ ರಸ್ತೆಗಳಲ್ಲಿ ಅವು ಬಾಳಲಾರವೆಂದು. ಗೇರಿಲ್ಲದ ಸೈಕಲ್ಲು ಬಯಲಿನಲ್ಲಿ ವಾಹನ, ಘಾಟಿಯಲ್ಲಿ ಹೊರೆ. ಏರು ಬಂತೆಂದರೆ ಇಳಿಯಬೇಕು, ತಳ್ಳಬೇಕು. ಆಗ ಸವಾರಿಯ ಠೀವಿ ಎಲ್ಲಿ ಉಳಿದೀತು? ಕತ್ತೆ ಹೊಡೆದುಕೊಂಡು ಬರುವವನ ಹೆಜ್ಜೆಯೇ ಪ್ರವಾಸಿಯ ಹೆಜ್ಜೆಯೂ ಆಗುತ್ತದೆ. ಮೋಟಾರಿನ ಕಿಟಕಿಯಿಂದ ಕಾಣದ ಮುಖಗಳು ಈ ಗ್ರಂಥದಲ್ಲಿ ಕಂಡಿದ್ದರೆ ಅದಕ್ಕೆ ಈ ನಿಧಾನವೇ ಕಾರಣ.

ಗಿಲ್ಗಿಟ್ಟಿನಿಂದ ಬಾಬುಸರ್ ಘಾಟಿಯವರೆಗಿನ ಪುಟಗಳು ಗ್ರಂಥದ ಶಿಖರ. ಸಿಂಧೂ ನದಿಯ ಕಮರಿ ಕುಲುಮೆಯಂತೆ ಕಾದಿರುತ್ತದೆ. ಅಲ್ಲಿರುವ ಚಿಲಾಸ್ ಸುಮಾರು 4,000 ಅಡಿ ಎತ್ತರದ ಊರು. ಘಾಟಿಯ ನೆತ್ತಿ 13,600 ಅಡಿಗೂ ಮೇಲೆ. ಅಲ್ಲಿ ಹವೆಯ ಒತ್ತಡ ಕಡಲ ದಡದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಬರಿಗೈಯವನಿಗೇ ಉಸಿರು ಕಟ್ಟುವ ಕಡೆ, ಹಿಮದಲ್ಲಿ, ಆಕೆ ಸೈಕಲ್ಲನ್ನು ಹೊತ್ತರು. ದಿನದಿನದ ಬರವಣಿಗೆಯಾದ್ದರಿಂದ ನಾಳೆಯ ಗತಿ ಬರೆಯುವವರಿಗೇ ತಿಳಿಯದು. ಓದುವವನಿಗೂ ಅದೇ ಆತಂಕ. ದಿನಚರಿಯ ರೂಪದಿಂದ ಪುನರುಕ್ತಿ ಬಂದಿದೆ, ಚಹ ಮತ್ತು ಆತಿಥ್ಯಗಳ ಕಥೆ ತುಸು ಅತಿಯಾಗಿದೆ. ಆದರೂ ಈ ಜೀವಕಳೆ ಬಂದದ್ದು ಅದೇ ರೂಪದಿಂದ.

ನನ್ನ ಆಕ್ಷೇಪಣೆ ಆಕೆಯ ವಿಚಾರಕ್ಕೆ ಸಂಬಂಧಿಸಿದ್ದು. ಅಫ್ಘಾನಿಸ್ತಾನಕ್ಕೆ ಆಕೆ ಮನಸೋತರು. ಯಂತ್ರನಾಗರಿಕತೆ ಅತ್ತ ಸುಳಿಯದಿದ್ದರೇ ಚೆನ್ನೆಂದರು. ದಾಟಿಹೋಗುವವರಿಗೆ ರಸ್ತೆ ಇಲ್ಲದಿರುವುದೂ ಒಂದು ಸೊಗಸು. ಹಳ್ಳಿಯಲ್ಲಿ ಹೆರಿಗೆ ನೋವಿನಿಂದ ಒದ್ದಾಡುವವಳಿಗೆ ಅದು ಆಸ್ಪತ್ರೆಯ ದೂರ. ಬಸ್ಸಿನೊಳಗಿನ ಜಗಳದಲ್ಲಿ ಬಂದೂಕಿನ ಹಿಂತುದಿ ತಗುಲಿ ಆಕೆಯ ಪಕ್ಕೆಲುಬುಗಳಿಗೇ ಪೆಟ್ಟಾಯಿತು. ಆ ನೋವನ್ನು ನಗುತ್ತ ಬರೆಯುವ ಧೈರ್ಯವನ್ನು ಮೆಚ್ಚುತ್ತೇನೆ. ಆದರೆ ಅಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುವವರ ನೋವನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು.

ಮುಂದಿನ ಇತಿಹಾಸ ಆಕೆಯ ಭಯವನ್ನೇ ಸಮರ್ಥಿಸಿತೆಂದು ಕೆಲವರು ಹೇಳಿಯಾರು. 1979ರಿಂದ ಅಫ್ಘಾನಿಸ್ತಾನ ಯುದ್ಧದಲ್ಲಿ ನಲುಗಿತು, ಬಾಮಿಯಾನದ ಬುದ್ಧವಿಗ್ರಹಗಳು 2001ರಲ್ಲಿ ಪುಡಿಯಾದವು. ಆದರೆ ಅವನ್ನು ಒಡೆದದ್ದು ರಸ್ತೆಯಲ್ಲವಷ್ಟೆ!

ಇಂಡಿಯಾವನ್ನೇ ಗುರಿಯಾಗಿಟ್ಟುಕೊಂಡ ಗ್ರಂಥ ದೆಹಲಿ ಬಂದೊಡನೆ ಮುಗಿಯುತ್ತದೆ. 2022ರಲ್ಲಿ ತೀರಿಕೊಂಡ ಮರ್ಫಿಯವರು ಆ ಪ್ರವಾಸದ ಬೆನ್ನಿಗೇ ಧರ್ಮಶಾಲೆಯಲ್ಲಿ ಟಿಬೆಟ್ಟಿನ ನಿರಾಶ್ರಿತ ಮಕ್ಕಳ ಆರೈಕೆಗೆ ನಿಂತರು. ಬೆಟ್ಟದ ಜನರೊಡನೆ ಹಾದುಹೋಗದೆ ತಂಗಿದ ಮರ್ಫಿಯವರನ್ನು ನೋಡಬೇಕೆನ್ನುವವರು 1966ರ ‘ಟಿಬೆಟನ್ ಫುಟ್‌ಹೋಲ್ಡ್’ ಎಂಬ ಎರಡನೆಯ ಗ್ರಂಥವನ್ನು ಇದರ ಜೊತೆಗಿಟ್ಟು ಓದಬೇಕು.