ಕೂಸನ್ನು ಕಾಯುವ ಕೈಗಳೆಷ್ಟು?

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಲೇಬೇಕು, ಬಿಡುವಿನ ವೇಳೆಯೂ ಸೇರಿ ತಾಯಿ ದಿನಕ್ಕೆ ನಾಲ್ಕು ಸಲ ಮಗುವಿನ ಬಳಿ ಹೋಗಿಬರಬಹುದು ಎಂದು ಕಾನೂನು ಹೇಳಿತು. ಮರುವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಈ ಕೇಂದ್ರಗಳು ಹೇಗಿರಬೇಕೆಂದು ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿಯನ್ನು ಹೊರಡಿಸಿತು. ಬೆಂಗಳೂರಿನ ಐಟಿ ಪಾರ್ಕುಗಳಿಂದ ಹಿಡಿದು ಬಡಾವಣೆಯ ಬಾಡಿಗೆ ಮನೆಗಳವರೆಗೆ ಡೇ ಕೇರ್‌ಗಳು ಹಬ್ಬಿರುವ ಈ ಹೊತ್ತಿನಲ್ಲಿ ಆ ಮಾರ್ಗಸೂಚಿಯನ್ನು ನಿಧಾನವಾಗಿ ಓದಬೇಕು. ಓದುವಾಗ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರಬೇಕು: ಇದು ಮಗುವನ್ನು ಯಾರಿಂದ ಕಾಪಾಡಲು ಹೊರಟಿದೆ?

ಮೊದಲು ಅದರ ಒಳ್ಳೆಯತನವನ್ನು ಹೇಳಬೇಕು. ಕೇಂದ್ರ ಆದಷ್ಟೂ ನೆಲಮಹಡಿಯಲ್ಲಿರಲಿ ಎನ್ನುತ್ತದೆ. ಸಿಬ್ಬಂದಿಯೆಲ್ಲರ ಪೊಲೀಸ್ ಪರಿಶೀಲನೆ ಆಗಬೇಕೆನ್ನುತ್ತದೆ. ಮಕ್ಕಳಿರುವ ಹೊತ್ತಿನಲ್ಲಿ ನಲ್ಲಿ ರಿಪೇರಿಯವರು, ಎಲೆಕ್ಟ್ರಿಷಿಯನ್, ಡ್ರೈವರ್ ಯಾರೂ ಒಳಗೆ ಕಾಲಿಡಬಾರದು ಎನ್ನುತ್ತದೆ. ಪೋಷಕರೂ ಇರುವ ಮೇಲ್ವಿಚಾರಣಾ ಸಮಿತಿಯೊಂದು ಬೇಕೆನ್ನುತ್ತದೆ. ಇವೆಲ್ಲ ಬೇಕಾದವೇ. ಅದಕ್ಕೂ ಮುಂಚೆ ಇಂಥ ಒಂದು ಕನಿಷ್ಠ ಮಟ್ಟವನ್ನೂ ಯಾರೂ ಬರೆದಿಡದಿದ್ದ ಕಡೆ ಎಷ್ಟೋ ಮಕ್ಕಳು ದಿನ ಕಳೆದಿದ್ದಾರೆ.

ಆದರೆ ಈ ಎಚ್ಚರದ ಬಹುಪಾಲು ಬಾಗಿಲಲ್ಲೇ ನಿಂತಿದೆ. ಹೊರಗಿನವನು ಬರಬಾರದು, ಅಪರಿಚಿತನನ್ನು ತಡೆಯಬೇಕು. ನಮ್ಮ ಡೇ ಕೇರ್‌ಗಳ ಜಾಹೀರಾತು ಕೂಡ ಇದೇ ಧಾಟಿಯಲ್ಲಿರುತ್ತದೆ: ಗೇಟಿಗೆ ಗಾರ್ಡ್, ಬೆರಳಚ್ಚಿನ ಬೀಗ, ಅಪ್ಪ ಅಮ್ಮನ ಮೊಬೈಲಿಗೆ ನೇರ ಕ್ಯಾಮೆರಾ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳನ್ನು ನೋಡಿದರೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಹೇಳುತ್ತ ಬಂದಿದೆ. ಗೇಟು ಭದ್ರವಾಗಿದ್ದಷ್ಟಕ್ಕೆ ಆ ಅಪಾಯ ಹೊರಗುಳಿಯುವುದಿಲ್ಲ.

ಪೊಲೀಸ್ ಪರಿಶೀಲನೆಯೂ ನಾವು ನಂಬಿದಷ್ಟು ಗಟ್ಟಿಯಾದ ಕವಚವಲ್ಲ. 2009ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ನರ್ಸರಿಯೊಂದರಲ್ಲಿ ಮಹಿಳಾ ಸಿಬ್ಬಂದಿಯೊಬ್ಬಳು ಮಕ್ಕಳ ಮೇಲೆ ದೌರ್ಜನ್ಯ ನಡೆಸಿ, ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುತ್ತಿದ್ದದ್ದು ಬಯಲಾಯಿತು. ಆಕೆಯ ಹಿನ್ನೆಲೆ ಪರಿಶೀಲನೆ ಆಗಿತ್ತು, ದಾಖಲೆ ಶುದ್ಧವಿತ್ತು. ಹೆಂಗಸು ಎಂಬ ಕಾರಣಕ್ಕೆ ಯಾರೂ ಅನುಮಾನಪಡುವಂತಿರಲಿಲ್ಲ. ಮರುವರ್ಷ ಬಂದ ಪರಾಮರ್ಶೆಯ ವರದಿ ಬೊಟ್ಟು ಮಾಡಿದ್ದು ಆ ನರ್ಸರಿಯೊಳಗಿನ ವಾತಾವರಣದ ಕಡೆಗೆ. ಸಹೋದ್ಯೋಗಿಗಳಿಗೆ ಆಕೆಯ ಮಾತು, ವರ್ತನೆ ಸರಿಯಿಲ್ಲವೆಂದು ಅನ್ನಿಸಿತ್ತು, ಆದರೆ ಎದುರು ನಿಂತು ಕೇಳುವ, ಮೇಲಿನವರಿಗೆ ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಈಗ ಇಂಗ್ಲೆಂಡಿನ ನಿಯಮದಂತೆ ಪ್ರತಿ ನರ್ಸರಿಯೂ ಮೊಬೈಲ್ ಮತ್ತು ಕ್ಯಾಮೆರಾ ಬಳಕೆಯ ಬಗ್ಗೆ ಲಿಖಿತ ನೀತಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಮಗು ಊಟ ಮಾಡಿತೇ, ಮಲಗಿತೇ ಎಂದು ಗಂಟೆಗೊಂದು ವಾಟ್ಸ್ಆ್ಯಪ್ ಫೋಟೊ ಬೇಕೆಂದು ಪೋಷಕರೇ ಒತ್ತಾಯಿಸುತ್ತಾರೆ, ಆಯಾ ತನ್ನ ಸ್ವಂತ ಫೋನಿನಲ್ಲಿ ತೆಗೆದು ಕಳಿಸುತ್ತಾಳೆ. ಡೈಪರ್ ಬದಲಿಸುವ ಕೋಣೆಗೆ ಮೊಬೈಲ್ ಹೋಗಬಾರದೆಂಬ ಸರಳ ಕಟ್ಟಳೆಯನ್ನು ಹಾಕಬೇಕಾದವರು ನಾವು, ಅದನ್ನು ಮುರಿಸುತ್ತಿರುವವರೂ ನಾವೇ.

ಇನ್ನು ಕ್ಯಾಮೆರಾ. 2016ರ ನವೆಂಬರಿನಲ್ಲಿ ನವಿ ಮುಂಬೈನ ಖಾರ್ಘರ್‌ನ ಡೇ ಕೇರ್ ಒಂದರಲ್ಲಿ ಹತ್ತು ತಿಂಗಳ ಕೂಸನ್ನು ಆಯಾ ಹೊಡೆದು ಒದೆದದ್ದು ದೇಶಕ್ಕೆಲ್ಲ ಗೊತ್ತಾದದ್ದು ಸಿಸಿಟಿವಿಯಿಂದ. ಆದರೆ ಘಟನೆಗಳ ಕ್ರಮ ಗಮನಿಸಿ: ಮೊದಲು ಪೋಷಕರ ಕಣ್ಣಿಗೆ ಗಾಯ ಬಿತ್ತು, ಆಮೇಲೆ ದೃಶ್ಯವನ್ನು ತೆಗೆದು ನೋಡಿದರು. ಕ್ಯಾಮೆರಾ ಹೊಡೆತವನ್ನು ದಾಖಲಿಸಿತು, ತಡೆಯಲಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಲ್ಲಸಂದ್ರದ ಶಿಶುಶಾಲೆಯೊಂದರ ದೃಶ್ಯ ಹರಿದಾಡಿತು. ಒಂದು ಪುಟ್ಟ ಮಗು ಇನ್ನೊಂದು ಪುಟ್ಟ ಮಗುವನ್ನು ಮತ್ತೆ ಮತ್ತೆ ಹೊಡೆಯುತ್ತಿದೆ, ಕೋಣೆಯಲ್ಲಿ ದೊಡ್ಡವರು ಒಬ್ಬರೂ ಇಲ್ಲ. ಅಲ್ಲಿ ಕ್ರೂರಿ ಯಾರೂ ಇರಲಿಲ್ಲ. ಹೊಡೆದ ಮಗುವೂ ರಕ್ಷಣೆ ಬೇಕಾದ ಮಗುವೇ. ಇರಬೇಕಾಗಿದ್ದ ಒಬ್ಬ ಹೆಂಗಸು ಅಲ್ಲಿರಲಿಲ್ಲ, ಅಷ್ಟೇ. ಅವಳ ಜಾಗದಲ್ಲಿ ಗೋಡೆಯ ಮೇಲೆ ಕ್ಯಾಮೆರಾ ಇತ್ತು.

ಕೈಗಳ ಲೆಕ್ಕ ಬರುವುದು ಇಲ್ಲಿ. ಮಾರ್ಗಸೂಚಿಯ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಾದ ಒಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ. ಅದಕ್ಕೆ ಮೇಲ್ಪಟ್ಟ ವಯಸ್ಸಿನವರಾದರೆ 20 ಮಕ್ಕಳಿಗೆ ಇಷ್ಟೇ ಜನ. ಆರು ತಿಂಗಳ ಕೂಸನ್ನೂ ಎರಡೂವರೆ ವರ್ಷದ ಓಡುಗಾಲಿನ ಮಗುವನ್ನೂ ಒಂದೇ ಅಳತೆಯಲ್ಲಿ ಅಳೆದದ್ದು ನನ್ನ ಮಟ್ಟಿಗೆ ಈ ದಸ್ತಾವೇಜಿನ ಅತಿ ದೊಡ್ಡ ದೋಷ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು ಇರಬೇಕೆಂಬ ನಿಯಮವಿದೆ. ಅಷ್ಟು ಹಣ ನಮ್ಮಲ್ಲಿಲ್ಲ ಎನ್ನಬಹುದು. ಆದರೆ ಮಗುವಿನ ಅಗತ್ಯ ದೇಶದ ವರಮಾನ ನೋಡಿಕೊಂಡು ಕಡಿಮೆಯಾಗುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿನಲ್ಲಿ ಯಾವುದಾದರೂ ಡೇ ಕೇರ್‌ನ ಒಳಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹತ್ತು ಮಕ್ಕಳು, ಇಬ್ಬರು ಹೆಂಗಸರು. ಒಬ್ಬಳು ಒಂದು ಮಗುವಿನ ಡೈಪರ್ ಬದಲಿಸಲು ಹೋದಳು ಎಂದರೆ ಉಳಿದ ಒಂಬತ್ತು ಇನ್ನೊಬ್ಬಳ ಪಾಲು. ಅವುಗಳಲ್ಲಿ ಒಂದಕ್ಕೆ ಅನ್ನ ತಿನ್ನಿಸಬೇಕು, ತಿನ್ನುವಾಗ ಕಣ್ಣು ತೆಗೆಯುವಂತಿಲ್ಲ. ಕಡಲೆಬೀಜವೋ ದ್ರಾಕ್ಷಿಯೋ ಗಂಟಲಿಗೆ ಸಿಕ್ಕಿದರೆ ಮಗುವಿಗೆ ಕೂಗಲೂ ಆಗುವುದಿಲ್ಲ. ಇನ್ನೊಂದು ಬಚ್ಚಲ ಕಡೆಗೆ ಅಂಬೆಗಾಲಿಟ್ಟಿದೆ, ಅಲ್ಲಿ ಅರ್ಧ ಬಕೆಟ್ ನೀರಿದೆ. ಮುಳುಗಲು ಕೂಸಿಗೆ ಕೆಲವೇ ಅಂಗುಲ ನೀರು ಸಾಕು. ಮೂರನೆಯದು ಅರ್ಧ ಗಂಟೆಯಿಂದ ಅಳು ನಿಲ್ಲಿಸಿಲ್ಲ. ಬೆಳಗಿನಿಂದ ಕುಳಿತುಕೊಳ್ಳದ ಹೆಂಗಸು ಸಿಟ್ಟಿನಲ್ಲಿ ಆ ಕೂಸನ್ನು ಎತ್ತಿ ಜೋರಾಗಿ ಕುಲುಕಿದರೆ, ಕತ್ತು ಇನ್ನೂ ಬಲಿಯದ ಆ ವಯಸ್ಸಿನಲ್ಲಿ ಮಿದುಳಿನೊಳಗೆ ರಕ್ತಸ್ರಾವವಾಗಬಹುದು. ಮೇಲೆ ಒಂದು ಗೀರೂ ಕಾಣುವುದಿಲ್ಲ. ಬೆಂಕಿ ಹತ್ತಿತೆಂದರೆ ಇಬ್ಬರು ಹೆಂಗಸರು ಒಂದು ಸಲಕ್ಕೆ ನಾಲ್ಕು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲರು. ಉಳಿದ ಆರಕ್ಕೆ ನಡೆಯಲೇ ಬಾರದಿದ್ದರೆ?

ಕೈ ಸಾಲದ ಕಡೆ ಸುಲಭದ ದಾರಿಗಳು ಹುಟ್ಟಿಕೊಳ್ಳುವ ಭಯವಿದೆ. ತೂಕಡಿಕೆ ತರುವ ಶೀತದ ಸಿರಪ್ಪು ಅವುಗಳಲ್ಲೊಂದು. 2023ರ ಡಿಸೆಂಬರಿನಲ್ಲಿ ದೇಶದ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆಯೇ ಮುದ್ರಿಸಲು ಆದೇಶಿಸಿದರು. ಪೋಷಕರ ಬರಹದ ಒಪ್ಪಿಗೆ ಇಲ್ಲದೆ, ಕೊಟ್ಟ ಹೊತ್ತನ್ನು ಬರೆದಿಡದೆ ಡೇ ಕೇರ್‌ನಲ್ಲಿ ಒಂದು ಹನಿ ಔಷಧವೂ ಮಗುವಿನ ಬಾಯಿಗೆ ಹೋಗಬಾರದು.

ಮಾರ್ಗಸೂಚಿಯ ಇನ್ನೊಂದು ಸಾಲನ್ನು ನಾನು ಒಪ್ಪಲಾರೆ. ಲೈಂಗಿಕ ದೌರ್ಜನ್ಯದ ಘಟನೆಗಳನ್ನು ವಿಚಾರಿಸಲು ದೂರು ಪರಿಹಾರ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಕಚೇರಿಯಲ್ಲಿ ದೊಡ್ಡವರ ದೂರಿಗೆ ಇರುವ ಪದ್ಧತಿಯನ್ನು ಎರಡು ವರ್ಷದ ಮಗುವಿಗೂ ಹೊಂದಿಸಿದಂತಿದೆ ಇದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಸ್ಪಷ್ಟವಾಗಿದೆ: ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದ ಯಾರೇ ಆಗಲಿ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಲೇಬೇಕು. ತಿಳಿಸದೆ ಇದ್ದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಮೊದಲು ಒಳಗೇ ವಿಚಾರಿಸಿ ನೋಡೋಣ ಎಂದು ಸಮಿತಿ ಕೂತರೆ, ಮಾತು ಬಾರದ ಮಗುವಿನ ಮೈಮೇಲಿನ ಸಾಕ್ಷ್ಯ ಸ್ನಾನದ ನೀರಿನಲ್ಲಿ ಹರಿದುಹೋಗಿರುತ್ತದೆ, ಆಯಾಳನ್ನು ಕೆಲಸದಿಂದ ಬಿಡಿಸಿ ಕಳಿಸಿಯೂ ಆಗಿರುತ್ತದೆ. ಸಮಿತಿ ಇರಲಿ, ಆದರೆ ಅದರ ಮೊದಲ ಕೆಲಸ ಠಾಣೆಗೆ ತಿಳಿಸುವುದು ಎಂದು ಬರೆಯಬೇಕಿತ್ತು. ಅದೇ 19ನೇ ಸೆಕ್ಷನ್ನಿನ ಕೊನೆಯ ಭಾಗ ನಮ್ಮ ಆಯಾಗಳ ಕಿವಿಗೆ ಬಿದ್ದೇ ಇಲ್ಲ: ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯೂ ಬರುವುದಿಲ್ಲ. 2020ರ ಪೋಕ್ಸೊ ನಿಯಮಗಳು ಶಿಶುಪಾಲನಾ ಕೇಂದ್ರಗಳ ಹೆಸರನ್ನೇ ಹೇಳಿ, ಕಾಯಂ ಆಗಲಿ ಗುತ್ತಿಗೆಯಾಗಲಿ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಕೊಡುತ್ತಿರಬೇಕು ಎನ್ನುತ್ತವೆ. ಪರಿಶೀಲನೆಯ ಕಾಗದ ಫೈಲಿನಲ್ಲಿರುತ್ತದೆ. ತರಬೇತಿ ಕೊಟ್ಟದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿದರೆ ಉತ್ತರ ಕಷ್ಟವಾಗುತ್ತದೆ.

ಬಡಾವಣೆಯ ಬಾಡಿಗೆ ಮನೆಯ ಡೇ ಕೇರ್‌ಗೆ ಈ ಮಾರ್ಗಸೂಚಿ ಅನ್ವಯಿಸುವುದೂ ಇಲ್ಲ, ಅದು ಉದ್ಯೋಗದಾತರು ನಡೆಸುವ ಕೇಂದ್ರಗಳಿಗೆ ಬರೆದದ್ದು. ಹಾಗಾಗಿ ಅತಿ ಹೆಚ್ಚು ನಂಬಿಕೆಯ ಮೇಲೆ ನಡೆಯುವ ಜಾಗವೇ ಅತಿ ಕಡಿಮೆ ಕಟ್ಟಳೆಯ ಜಾಗವಾಗಿ ಉಳಿದಿದೆ.

ಹಳ್ಳಿಯ ಕಡೆ ಕರ್ನಾಟಕ ಮಾಡಿದ ಪ್ರಯೋಗವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂದು ಗ್ರಾಮೀಣ ಉದ್ಯೋಗ ಖಾತ್ರಿಯ ನರೇಗಾ ಕಾಯ್ದೆ ಹೇಳಿತ್ತು. ಮರದ ಕೆಳಗೆ ಸೀರೆಯ ಜೋಳಿಗೆ ಕಟ್ಟಿ ಮುಗಿದುಹೋಗುತ್ತಿದ್ದ ಆ ವ್ಯವಸ್ಥೆಯನ್ನು 2023ರಲ್ಲಿ ರಾಜ್ಯ ಸರ್ಕಾರ ‘ಕೂಸಿನ ಮನೆ’ ಎಂಬ ಯೋಜನೆಯಾಗಿ ಸೂರಿನಡಿ ತಂದಿತು. ಗುರಿ 4,000 ಗ್ರಾಮ ಪಂಚಾಯಿತಿಗಳು. ಉದ್ಯೋಗ ಚೀಟಿ ಇರುವ ಸ್ಥಳೀಯ ಮಹಿಳೆಯರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಿದ್ದು ನಿಜಕ್ಕೂ ದೊಡ್ಡ ಕೆಲಸ. ಊರಿನವರೇ ಆದ್ದರಿಂದ ತಾಯಂದಿರು ಅವರನ್ನು ಬಲ್ಲರು, ಎದುರು ನಿಂತು ಕೇಳಬಲ್ಲರು, ಬಾಗಿಲು ಯಾವ ಹೊತ್ತಿಗೂ ತೆರೆದಿರುತ್ತದೆ. ನಗರದ ಎಷ್ಟೋ ದುಬಾರಿ ಕೇಂದ್ರಗಳಲ್ಲಿ ಮಧ್ಯಾಹ್ನ ತಾಯಿ ಹೇಳದೆ ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ.

ಆದರೆ ಕೂಲಿಯ ಲೆಕ್ಕ ಇಲ್ಲಿ ಮಗುವಿಗೆ ಅಡ್ಡ ಬಂದಿದೆ. ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನದ ಕೆಲಸ ಎಂಬ ನರೇಗಾದ ಮಿತಿಯಿಂದಾಗಿ ಆರೈಕೆದಾರರು ಸರದಿಯ ಮೇಲೆ ಬದಲಾಗಬೇಕಿತ್ತು. ಒಂದು ವರ್ಷದ ಕೂಸು ಒಂದು ಮಡಿಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಆ ಮಡಿಲು ಬದಲಾಗಿರುತ್ತಿತ್ತು. ದಿನವೂ ನೋಡುವವಳಿಗೆ ಮಾತ್ರ ಇವತ್ತು ಮಗು ಎಂದಿನಂತಿಲ್ಲ, ತೊಡೆ ಮುಟ್ಟಿದರೆ ಬೆಚ್ಚುತ್ತಿದೆ, ಊಟ ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಮನೆಯಲ್ಲಿ ನಡೆಯುವ ಹಿಂಸೆಯೂ ಮೊದಲು ಕಣ್ಣಿಗೆ ಬೀಳುವುದು ಹಾಗೆಯೇ. ಈ ಆರೈಕೆಯ ಕೆಲಸಕ್ಕೆ ಸಿಕ್ಕಿದ್ದು ಮಣ್ಣು ಅಗೆಯುವುದಕ್ಕೆ ಸಿಗುವ ದಿನಗೂಲಿಯೇ, 2023–24ರಲ್ಲಿ 316 ರೂಪಾಯಿ. ಕೂಸಿನ ಆರೈಕೆಯನ್ನು ಕೂಲಿಯ ದಿನಗಳಿಗೆ ಕಟ್ಟಿಹಾಕದೆ, ಕನಿಷ್ಠ ಇಬ್ಬರನ್ನು ವರ್ಷಪೂರ್ತಿ ಉಳಿಸಿಕೊಳ್ಳುವಂತೆ ರಾಜ್ಯ ತನ್ನ ಬೊಕ್ಕಸದಿಂದ ಸಂಬಳ ಕೊಡಬೇಕು. ನಗರದ ಕೇಂದ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಶುಲ್ಕದ ಹಣ ಬಣ್ಣದ ಗೋಡೆ, ಆಮದಿನ ಆಟಿಕೆಗಳಿಗೆ ಹೋಗಿ, ಆಯಾಳ ಕೈಗೆ ಅಳಿದುಳಿದದ್ದು ಬರುತ್ತದೆ. ಆರು ತಿಂಗಳಿಗೆ ಕೆಲಸ ಬಿಡುವವಳಿಂದ ಯಾವ ಎಚ್ಚರವನ್ನೂ ನಿರೀಕ್ಷಿಸಲಾಗದು.

ಮಗುವನ್ನು ಸೇರಿಸಲು ಹೋಗುವ ತಂದೆ ತಾಯಂದಿರಲ್ಲಿ ನನ್ನ ಬೇಡಿಕೆ ಇಷ್ಟು. ಕ್ಯಾಮೆರಾ ಎಷ್ಟಿವೆ ಎಂದು ಕೇಳುವ ಮೊದಲು, ಕೂಸುಗಳ ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ, ಅವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಸಂಬಳ ಎಷ್ಟು ಎಂದು ಕೇಳಿ. ಹೇಳದೆ ಬಂದರೆ ಒಳಗೆ ಬಿಡುತ್ತೀರಾ ಎಂದು ಕೇಳಿ. ಆಯಾಳ ಹೆಸರು ತಿಳಿದುಕೊಳ್ಳಿ, ಸಂಜೆ ಅವಳೊಡನೆ ಎರಡು ಮಾತಾಡಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಆ ಸಂಖ್ಯೆಯನ್ನು ಆಯಾಳ ಫೋನಿನಲ್ಲೂ ಉಳಿಸಿಕೊಡಿ.