ಕತೆ ಕಟ್ಟುವವಳ ಪ್ರಾರ್ಥನೆ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಒಬ್ಬ ಹುಡುಗಿ 1946ರ ಜನವರಿಯಿಂದ ಮರುವರ್ಷದ ಸೆಪ್ಟೆಂಬರ್‌ವರೆಗೆ ಒಂದು ಸಾದಾ ನೋಟ್‌ಬುಕ್ಕಿನಲ್ಲಿ ದೇವರಿಗೆ ಪತ್ರ ಬರೆಯುವಂತೆ ಬರೆದಳು. ಶುರುಮಾಡಿದಾಗ ಅವಳಿಗೆ ಇಪ್ಪತ್ತು ವರ್ಷ, ನಿಲ್ಲಿಸಿದಾಗ ಇಪ್ಪತ್ತೆರಡು. ಹೆಸರು ಫ್ಲ್ಯಾನರಿ ಓಕಾನರ್. ಆಕೆ ತೀರಿಕೊಂಡು ಅರ್ಧ ಶತಮಾನ ತುಂಬುವ ಹೊತ್ತಿಗೆ, 2013ರಲ್ಲಿ, ಗೆಳೆಯ ಡಬ್ಲ್ಯೂ. ಎ. ಸೆಶನ್ಸ್ ಅದನ್ನು ಸಂಪಾದಿಸಿ 'ಎ ಪ್ರೇಯರ್ ಜರ್ನಲ್' ಎಂಬ ಪುಸ್ತಕವಾಗಿ ಹೊರತಂದರು. ಮೊದಲ ಕೆಲವು ಹಾಳೆಗಳು ಸಿಕ್ಕಿಲ್ಲ. ಉಳಿದದ್ದು ಒಂದೇ ಕೂರಿಕೆಯಲ್ಲಿ ಮುಗಿಯುವಷ್ಟು. ಅಚ್ಚಿನ ಪಠ್ಯದ ಜೊತೆಗೆ ಆಕೆಯ ಕೈಬರಹದ ಪುಟಗಳನ್ನೂ ಹಾಗೆಯೇ ಕೊಟ್ಟಿದ್ದಾರೆ. ಅವನ್ನು ಬಿಡದೆ ನೋಡಬೇಕು. ಕಾಗುಣಿತದ ಗೊಡವೆಯಿಲ್ಲದೆ, ಅವಸರದಲ್ಲಿ, ಯಾರೂ ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆದ ಅಕ್ಷರಗಳು ಅವು.

ಭಕ್ತರ ಪ್ರಾರ್ಥನೆಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ನೆಮ್ಮದಿ, ಆರೋಗ್ಯ, ಪಾಪಕ್ಷಮೆ. ಈ ಹುಡುಗಿ ನೇರವಾಗಿ ಕೇಳುವುದು ಒಳ್ಳೆಯ ಕತೆ ಬರೆಯುವ ಶಕ್ತಿಯನ್ನು. ಬರೆದ ಕತೆಯನ್ನು ಯಾರಾದರೂ ಪ್ರಕಟಿಸಲಿ ಎಂದೂ ಕೇಳುತ್ತಾಳೆ. ಸಾಧಾರಣ ಬರಹಗಾರ್ತಿಯಾಗಿ ಉಳಿದುಬಿಡುವ ಭಯವನ್ನು ಮುಚ್ಚಿಡುವುದಿಲ್ಲ. ಆದರೆ ಮರುಕ್ಷಣವೇ ಈ ಆಸೆಯೇ ದೇವರಿಗೆ ಅಡ್ಡ ನಿಂತಿದೆಯೇ ಎಂಬ ಅನುಮಾನ ಅವಳನ್ನು ಕಾಡುತ್ತದೆ. ದೇವರನ್ನು ಬಿದಿಗೆಯ ಚಂದ್ರನಂತೆ ಕಾಣುತ್ತಾಳೆ, ಚಂದ್ರನ ಉಳಿದ ಭಾಗವನ್ನು ಮರೆಮಾಡಿರುವ ಭೂಮಿಯ ನೆರಳಿನಂತೆ ತನ್ನನ್ನು ಕಾಣುತ್ತಾಳೆ. ಆ ನೆರಳು ಬೆಳೆದು ಇಡೀ ಚಂದ್ರನನ್ನೇ ನುಂಗಿಬಿಟ್ಟರೆ ಎಂಬುದು ಅವಳ ಅಂಜಿಕೆ. ಕತೆ ಚೆನ್ನಾಗಿ ಬಂದರೆ ಅದರ ಹೆಗ್ಗಳಿಕೆ ತನ್ನದೆಂದು ತಿಳಿಯದಿರಲಿ, ಟೈಪ್‌ರೈಟರ್ ತನಗೆ ಹೇಗೋ ತಾನು ದೇವರಿಗೆ ಹಾಗೆ ಆಗಿರಲಿ ಎಂದು ಬೇಡುತ್ತಾಳೆ. ಮಹತ್ವಾಕಾಂಕ್ಷೆ ಮತ್ತು ಶರಣಾಗತಿ ಒಂದೇ ಪುಟದಲ್ಲಿ ಹೀಗೆ ಮಲ್ಲಯುದ್ಧಕ್ಕೆ ನಿಂತದ್ದನ್ನು ನಾನು ಬೇರೆ ಯಾವ ಯುವ ಲೇಖಕರ ಬರಹದಲ್ಲೂ ಇಷ್ಟು ಬೆತ್ತಲಾಗಿ ಕಂಡಿಲ್ಲ.

ಓದಿನ ಬಗ್ಗೆಯೂ ಅಲ್ಲಿ ತಳಮಳವಿದೆ. ವಿಶ್ವವಿದ್ಯಾಲಯದ ಬೌದ್ಧಿಕ ಗಾಳಿಯಲ್ಲಿ, ನಂಬಿಕೆಯೆಂದರೆ ಮನಸ್ಸು ತನ್ನ ಸಮಾಧಾನಕ್ಕೆ ಹೆಣೆದುಕೊಂಡದ್ದು ಎನ್ನುವ ಮನಶ್ಶಾಸ್ತ್ರದ ವಿವರಣೆ ಅವಳ ಕಿವಿಗೂ ಬೀಳುತ್ತಿತ್ತು. ಅದಕ್ಕೆ ಹೆದರಿದಳು, ಪುಸ್ತಕ ಮಾತ್ರ ಮುಚ್ಚಲಿಲ್ಲ. ಕಾಫ್ಕಾ, ಪ್ರೂಸ್ಟ್, ಬರ್ನಾನೋಸ್ ಎಲ್ಲರನ್ನೂ ಓದಿದಳು. ಫ್ರೆಂಚ್ ಕ್ಯಾಥೊಲಿಕ್ ಲೇಖಕ ಲೆಯೋನ್ ಬ್ಲ್ವಾನನ್ನು ಓದಿದಾಗಲಂತೂ ತನ್ನ ಬೆಚ್ಚಗಿನ ಭಕ್ತಿಯೇ ಅವಳಿಗೆ ನಾಚಿಕೆ ತಂದಿತು. ಜೊತೆಗೆ ಅಯೋವಾ ಸಿಟಿಯ ಸೇಂಟ್ ಮೇರೀಸ್ ಚರ್ಚಿನಲ್ಲಿ ಹೆಚ್ಚುಕಮ್ಮಿ ದಿನವೂ ಬಲಿಪೂಜೆಗೆ ಹೋಗುತ್ತಿದ್ದಳು.

ಜಾರ್ಜಿಯಾ ರಾಜ್ಯದ ಸವಾನಾದಲ್ಲಿ 1925ರ ಮಾರ್ಚ್ 25ರಂದು ಹುಟ್ಟಿದವಳು. ಬ್ಯಾಪ್ಟಿಸ್ಟರೂ ಮೆಥಡಿಸ್ಟರೂ ತುಂಬಿದ ಆ ಸೀಮೆಯಲ್ಲಿ ಕ್ಯಾಥೊಲಿಕ್ ಮನೆತನ ಎಂದರೆ ಬೆರಳೆಣಿಕೆಯದು. ಹದಿನೈದನೇ ವಯಸ್ಸಿಗೆ ಅಪ್ಪನನ್ನು ಲೂಪಸ್ ಕಾಯಿಲೆ ಕೊಂಡೊಯ್ದಿತು. ಅಯೋವಾಕ್ಕೆ ಬಂದದ್ದು ಪತ್ರಿಕೋದ್ಯಮ ಕಲಿಯಲು. ಬರಹಗಾರರ ಕಮ್ಮಟದ ಮುಖ್ಯಸ್ಥ ಪಾಲ್ ಎಂಗಲ್‌ರ ಕೋಣೆಗೆ ಹೋಗಿ ಏನೋ ಹೇಳಿದಳಂತೆ. ಅವಳ ದಕ್ಷಿಣದ ಉಚ್ಚಾರ ಎಂಗಲ್‌ರಿಗೆ ಒಂದಿಷ್ಟೂ ತಿಳಿಯದೆ, ಹೇಳುವುದನ್ನು ಬರೆದುಕೊಡು ಎಂದರಂತೆ. ತಾನು ಪತ್ರಕರ್ತೆಯಲ್ಲ, ಕಮ್ಮಟಕ್ಕೆ ಸೇರಬಹುದೇ ಎಂದು ಬರೆದುಕೊಟ್ಟಳು. ಅಲ್ಲಿಂದ ಮುಂದಿನ ದಾರಿ ನಮಗೆ ಗೊತ್ತು: 1952ರಲ್ಲಿ 'ವೈಸ್ ಬ್ಲಡ್' ಕಾದಂಬರಿ, 1955ರಲ್ಲಿ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಕಥಾಸಂಕಲನ, 1960ರಲ್ಲಿ ಎರಡನೇ ಕಾದಂಬರಿ. ಅಪ್ಪನ ಕಾಯಿಲೆಯೇ ಮಗಳನ್ನೂ ಹಿಡಿಯಿತು. ಮಿಲೆಡ್ಜ್‌ವಿಲ್ ಊರಿನ ಹೊರಗೆ ಅಮ್ಮನ ತೋಟದ ಮನೆಯಲ್ಲಿ, ನವಿಲು ಸಾಕಿಕೊಂಡು, ಊರುಗೋಲು ಹಿಡಿದು, ಬೆಳಗಿನ ಎರಡು ಮೂರು ತಾಸು ತಪ್ಪದೆ ಬರೆದು, 1964ರ ಆಗಸ್ಟ್ 3ರಂದು ಕಣ್ಮುಚ್ಚಿದಾಗ ವಯಸ್ಸು 39.

ನನ್ನ ಮಟ್ಟಿಗೆ ಈ ಬದುಕಿನ ಬಹುದೊಡ್ಡ ಸಂಗತಿಯೆಂದರೆ ಆ ನೋಟ್‌ಬುಕ್ಕಿನ ಬೇಡಿಕೆಯನ್ನು ಆಕೆ ಕೊನೆಯವರೆಗೂ ಸಡಿಲಿಸದೇ ಇದ್ದದ್ದು. ನಂಬಿಕೆಯಿದೆ ಎಂಬ ಕಾರಣಕ್ಕೆ ಕೆಟ್ಟ ಕತೆಗೆ ಮಾಫಿ ಇಲ್ಲ ಎನ್ನುವುದನ್ನು ಆಕೆಯಷ್ಟು ಖಡಾಖಂಡಿತವಾಗಿ ಹೇಳಿದ ಕ್ರೈಸ್ತ ಲೇಖಕರು ಕಡಿಮೆ. ಬರೆಯಲು ಶುರುಮಾಡಿದ ಕಾಲದಲ್ಲಿ ತನ್ನ ಕತೆಗಳು ಓದುಗರ ಮನಸ್ಸು ಕೆಡಿಸುತ್ತವೆಯೇನೋ ಎಂದು ಹೆದರಿ ಅಯೋವಾದಲ್ಲಿ ಒಬ್ಬ ಪಾದ್ರಿಯ ಬಳಿ ಹೋಗಿದ್ದಳು. ನೀನು ಹದಿನೈದು ವರ್ಷದ ಹುಡುಗಿಯರಿಗಾಗಿಯೇ ಬರೆಯಬೇಕೆಂದಿಲ್ಲ ಎಂದು ಅವರು ಸಮಾಧಾನ ಹೇಳಿ ಕಳಿಸಿದರು. ಆ ಮಾತು ಆಕೆಗೆ ದೊಡ್ಡ ಬಿಡುಗಡೆಯಾಗಿರಬೇಕು, ವರ್ಷಗಳ ನಂತರವೂ ಪತ್ರವೊಂದರಲ್ಲಿ ಅದನ್ನು ನೆನೆದಿದ್ದಾಳೆ.

1957ರಲ್ಲಿ 'ಅಮೆರಿಕ' ಎಂಬ ಕ್ಯಾಥೊಲಿಕ್ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ ಆಕೆ ಮುಟ್ಟಿದ ಒಂದು ಬಿಂದು ಇವತ್ತಿಗೂ ಚುರುಕು ಮುಟ್ಟಿಸುತ್ತದೆ. ಭಾವುಕ ಭಕ್ತಿಸಾಹಿತ್ಯಕ್ಕೂ ಅಶ್ಲೀಲ ಸಾಹಿತ್ಯಕ್ಕೂ ಒಳಗಿಂದೊಳಗೆ ನೆಂಟಸ್ತಿಕೆಯಿದೆ ಎನ್ನುತ್ತಾಳೆ. ಅಶ್ಲೀಲ ಸಾಹಿತ್ಯ ಕಾಮವನ್ನು ಬದುಕಿನ ಗುರಿಯಿಂದ, ಕಷ್ಟದಿಂದ ಕಿತ್ತು ಬರೀ ಅನುಭವವಾಗಿ ಮುಂದಿಡುತ್ತದೆ. ಭಾವುಕತೆ ಮುಗ್ಧತೆಯನ್ನು ಅದೇ ರೀತಿ ಕೀಳುತ್ತದೆ: ಪತನವನ್ನೂ ನೋವನ್ನೂ ಹಾಯದೆ ಒಮ್ಮೆಗೇ ಪಾವನವಾಗಿಬಿಡುವ ಆಸೆ ಅದು. ಮಂದಿರ, ಮಸೀದಿ, ಇಗರ್ಜಿ ಯಾವುದರ ನೆರಳಿನಲ್ಲೇ ಬರೆಯುವವರಿರಲಿ, ಈ ಪ್ರಬಂಧವನ್ನು ಒಮ್ಮೆ ಓದಬೇಕು. ಕೃಪೆಯನ್ನು ತೋರಿಸಬೇಕಾದರೆ ಮೊದಲು ಮಣ್ಣನ್ನು, ಬೆವರನ್ನು, ಮನುಷ್ಯರ ಕೆಟ್ಟ ಹಲ್ಲನ್ನು ತೋರಿಸಬೇಕು ಎಂಬುದು ಆಕೆಯ ನಿಲುವು. ಮೈಯಿಲ್ಲದ ದೇವರನ್ನು ಆಕೆ ನಂಬಲಿಲ್ಲ, ದೇವರು ನರನಾಗಿ ಬಂದನೆಂಬುದನ್ನು ಅಕ್ಷರಶಃ ನಂಬಿದಳು. ಹಾಗಾಗಿ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಆಕೆಗೆ ಎಂದೂ ಹಗುರವಾಗಲಿಲ್ಲ.

ಇದರ ಹಿಂದೆ ಗಟ್ಟಿ ಓದಿತ್ತು. ರಾತ್ರಿ ಮಲಗುವ ಮೊದಲು ಇಪ್ಪತ್ತು ನಿಮಿಷ ಥಾಮಸ್ ಅಕ್ವಿನಾಸನ 'ಸುಮ್ಮಾ' ಓದುವುದು ರೂಢಿ. ಫ್ರೆಂಚ್ ದಾರ್ಶನಿಕ ಜಾಕ್ ಮಾರಿಟೇನ್‌ನ ಕಲಾಚಿಂತನೆಯಿಂದ ಆಕೆ ಕಲಿತದ್ದು ಇಷ್ಟು: ಕುಶಲಕರ್ಮಿಯ ಮೊದಲ ಹೊಣೆ ಕೈಯಲ್ಲಿರುವ ವಸ್ತುವಿನ ಒಳಿತಿನ ಕಡೆಗೆ. ಬಡಗಿ ಎಷ್ಟೇ ದೈವಭಕ್ತನಿರಲಿ, ಕುರ್ಚಿ ಕುಂಟಬಾರದು. 1956ರಿಂದ ಧರ್ಮಪ್ರಾಂತ್ಯದ ಪತ್ರಿಕೆಗಳಿಗೆ ನೂರಕ್ಕೂ ಹೆಚ್ಚು ಪುಸ್ತಕ ವಿಮರ್ಶೆ ಬರೆದಳು. ಅಲ್ಲಿಯೂ ಧರ್ಮದ ಹೆಸರಿನಲ್ಲಿ ಬಂದ ಸಪ್ಪೆ ಕಾದಂಬರಿಗಳಿಗೆ ದಾಕ್ಷಿಣ್ಯ ತೋರಲಿಲ್ಲ.

'ಗುಡ್ ಕಂಟ್ರಿ ಪೀಪಲ್' ಕತೆ ನೋಡಿ. ತತ್ವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದ, ಒಂದು ಕಾಲು ಮರದ್ದಾದ ಹುಡುಗಿ ಹಲ್ಗಾ. ಏನನ್ನೂ ನಂಬದಿರುವುದೇ ಅವಳ ಹೆಮ್ಮೆ. ಬೈಬಲ್ ಮಾರಲು ಬಂದ ಹಳ್ಳಿ ಹೈದನನ್ನು ಆಟವಾಡಿಸಲು ಹೊರಟು, ಹುಲ್ಲಿನ ಅಟ್ಟದ ಮೇಲೆ ತನ್ನ ಮರದ ಕಾಲನ್ನೇ ಅವನಿಗೆ ಕಳೆದುಕೊಳ್ಳುತ್ತಾಳೆ. ಅವನ ಬೈಬಲಿನ ಪೊಳ್ಳು ಹೊಟ್ಟೆಯಲ್ಲಿ ವಿಸ್ಕಿ ಇರುತ್ತದೆ. ಅವನು ಆ ಕಾಲನ್ನು ಕದಿಯುತ್ತಾನೆಂಬುದು ಬರೆಯುವಾಗ ತನಗೇ ಗೊತ್ತಿರಲಿಲ್ಲ, ಹತ್ತು ಹನ್ನೆರಡು ಸಾಲು ಮುಂಚೆಯಷ್ಟೇ ಹೊಳೆಯಿತು ಎಂದು ಓಕಾನರ್ ಆಮೇಲೆ ಉಪನ್ಯಾಸವೊಂದರಲ್ಲಿ ಹೇಳಿದ್ದಾಳೆ. ಇದನ್ನು ಕೇಳಿದ ಕೂಡಲೇ ಸ್ಫೂರ್ತಿಯ ಮಾತು ಎಂದು ಕೈಬಿಡಬೇಡಿ. ಮರದ ಕಾಲು ಕತೆಯುದ್ದಕ್ಕೂ ಮರದ ಕಾಲಾಗಿಯೇ ಸದ್ದು ಮಾಡುತ್ತ ನಡೆದಿದೆ, ಅಮ್ಮನಿಗೆ ಸಂಕಟ ತಂದಿದೆ, ಹುಡುಗಿಗೆ ಜಂಬ ತಂದಿದೆ. ಅಷ್ಟೆಲ್ಲ ತೂಕ ಕೂಡಿಕೊಂಡ ಮೇಲೆ ಅದು ಅವಳ ಆತ್ಮವೂ ಆಗುತ್ತದೆ. ಆತ್ಮದಿಂದ ಶುರುಮಾಡಿ ಅದಕ್ಕೊಂದು ಕಾಲು ಹುಡುಕಿದ್ದರೆ ಕತೆ ಹುಟ್ಟುತ್ತಲೇ ಇರಲಿಲ್ಲ.

ಓದುವವರಿಂದಲೂ ಆಕೆ ಇದೇ ತಾಳ್ಮೆ ಬಯಸಿದಳು. 1961ರಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು, ಮೂವರು ಅಧ್ಯಾಪಕರ ಮತ್ತು 90 ವಿದ್ಯಾರ್ಥಿಗಳ ಪರವಾಗಿ ಪತ್ರ ಬರೆದರು. 'ಎ ಗುಡ್ ಮ್ಯಾನ್' ಕತೆಯ ಕೊಲೆಗಾರ ಬರುವ ಇಡೀ ದ್ವಿತೀಯಾರ್ಧ ಒಂದು ಪಾತ್ರದ ಕಲ್ಪನೆ ಎಂದು ಅವರೆಲ್ಲ ತೀರ್ಮಾನಿಸಿದ್ದರು. ಓಕಾನರ್ ಉತ್ತರ ಬರೆದು ಆ ಓದು ತನ್ನನ್ನು ದಂಗುಬಡಿಸಿತೆಂದು ತಿಳಿಸಿದಳು. ಕತೆಯ ಅನುಭವವೇ ಆಗದವರಿಗೆ ಅರ್ಥ ಹುಡುಕಿಕೊಟ್ಟು ಏನೂ ಸಾಧಿಸಲಾಗದು ಎಂಬುದು ಅದರ ಸಾರ. ನಮ್ಮ ತರಗತಿಗಳಲ್ಲಿಯೂ ಕತೆ ಮುಗಿಯುವ ಮುನ್ನವೇ ಆಶಯ ಬರೆಸುವ ಚಾಳಿಯಿದೆ. ಆ ಪತ್ರವನ್ನು ಅಲ್ಲಿ ಓದಿಸಿದರೆ ಒಳ್ಳೆಯದಾದೀತು.

ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ಆಕೆಯ ಪತ್ರಗಳಲ್ಲಿ ಕರಿಯರ ಬಗ್ಗೆ ಹೀನಾಯದ ಮಾತುಗಳಿವೆ, ಕೆಲವು ಕೊನೆಯ ವರ್ಷದವು. 2020ರಲ್ಲಿ ಮೇರಿಲ್ಯಾಂಡಿನ ಲೊಯೋಲಾ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಲಯವೊಂದರಿಂದ ಆಕೆಯ ಹೆಸರನ್ನು ತೆಗೆದು, ಕಪ್ಪು ಸನ್ಯಾಸಿನಿ ಥಿಯಾ ಬೋಮನ್‌ರ ಹೆಸರಿಟ್ಟಿತು. ಅದು ಆ ಸಂಸ್ಥೆಯ ನ್ಯಾಯವಾದ ಆಯ್ಕೆ. ಆ ಮಾತುಗಳನ್ನು ಕಾಲದ ಮೇಲೆ ಹೇರಿ ತೊಳೆಯಲು ನನಗೆ ಮನಸ್ಸಿಲ್ಲ, ಅದೇ ಕಾಲದಲ್ಲಿ ಬೇರೆಯಾಗಿ ಮಾತಾಡಿದ ದಕ್ಷಿಣದವರೂ ಇದ್ದರು. ಆದರೆ 1964ರಲ್ಲಿ ಅಚ್ಚಾದ 'ರೆವೆಲೇಶನ್' ಕತೆಯಲ್ಲಿ ಜನರನ್ನು ಜಾತಿ, ಬಣ್ಣ, ಆಸ್ತಿಯ ಮೆಟ್ಟಿಲಲ್ಲಿ ಜೋಡಿಸಿಕೊಂಡು ತನ್ನ ಜಾಗಕ್ಕಾಗಿ ಯೇಸುವಿಗೆ ವಂದಿಸುವ ಮಿಸೆಸ್ ಟರ್ಪಿನ್‌ಳ ಮುಖಕ್ಕೆ, ಡಾಕ್ಟರ ಷಾಪಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ದಪ್ಪ ಪುಸ್ತಕವೊಂದನ್ನು ಬೀಸಿ ಎಸೆಯುತ್ತಾಳೆ. ಬರೆದವಳಿಗೆ ತಗಲುವ ಏಟೂ ಅದರಲ್ಲಿದೆ. ಕತೆಗಾರ್ತಿ ಕಂಡದ್ದನ್ನು ಪತ್ರ ಬರೆಯುವವಳು ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು.

ಹೊಸದಾಗಿ ಓದುವವರು ಕಾದಂಬರಿಯಿಂದ ಶುರುಮಾಡುವುದು ಬೇಡ. 'ವೈಸ್ ಬ್ಲಡ್' ಆಳವಾದ ಕೃತಿಯೇ, ಆದರೆ ಅದರ ಕೀಲುಗಳು ಅಲ್ಲಲ್ಲಿ ಕಿರುಗುಟ್ಟುತ್ತವೆ. ಆಕೆಯ ಶಕ್ತಿ ಸಣ್ಣಕತೆಯದು. 1971ರಲ್ಲಿ ಬಂದ ಸಮಗ್ರ ಕತೆಗಳ ಸಂಪುಟ ಹಿಡಿಯಿರಿ. ಮರುವರ್ಷ ಅದಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಅದರಲ್ಲಿ 31 ಕತೆಗಳಿವೆ. ಮೊದಲನೆಯದು 'ದಿ ಜರೇನಿಯಂ', ಪ್ರಾರ್ಥನೆಯ ಪುಟಗಳನ್ನು ಬರೆಯುತ್ತಿದ್ದ ದಿನಗಳಲ್ಲೇ, 1946ರಲ್ಲಿ ಪ್ರಕಟವಾದದ್ದು. ಕೊನೆಯದು 'ಜಡ್ಜ್‌ಮೆಂಟ್ ಡೇ'. ಎರಡೂ ಒಂದೇ ಕತೆ. ನ್ಯೂಯಾರ್ಕಿನ ಮಗಳ ಮನೆಯಲ್ಲಿ ಸಿಕ್ಕಿಹಾಕಿಕೊಂಡ ದಕ್ಷಿಣದ ಮುದುಕ, ಊರಲ್ಲಿ ಬಿಟ್ಟುಬಂದ ಕರಿಯ ಸಂಗಾತಿ. 1964ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಆಕೆ ಕತೆಯ ಹಾಳೆಗಳನ್ನು ದಿಂಬಿನಡಿ ಬಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಆ ಕೊನೆಯ ತಿಂಗಳುಗಳಲ್ಲಿ ತಿದ್ದುತ್ತಿದ್ದ ಕತೆಗಳಲ್ಲಿ 'ಜಡ್ಜ್‌ಮೆಂಟ್ ಡೇ' ಕೂಡ ಒಂದು. ಮೊದಲ ಕತೆಯ ಮುದುಕ ಎದುರು ಕಿಟಕಿಯ ಹೂಕುಂಡ ನೋಡುತ್ತ ಕೂರುತ್ತಾನೆ, ಅಳುತ್ತಾನೆ. ಕೊನೆಯ ಕತೆಯ ಮುದುಕ, ಸತ್ತರೆ ತನ್ನ ಹೆಣವನ್ನು ಯಾರ ಹೆಸರಿಗೆ ಕಳಿಸಬೇಕೆಂದು ಚೀಟಿ ಬರೆದು ಜೇಬಿಗೆ ಪಿನ್ನು ಚುಚ್ಚಿಕೊಂಡು ಊರಿನ ಕಡೆ ಹೊರಡುತ್ತಾನೆ. ಆ ಚೀಟಿಯಲ್ಲಿರುವ ಹೆಸರು ಅವನ ಕರಿಯ ಸಂಗಾತಿ ಕೋಲ್ಮನ್‌ನದು. ಎರಡನ್ನೂ ಒಂದೇ ದಿನ, ಒಂದರ ಬೆನ್ನಿಗೊಂದು ಓದಿ. ಹದಿನೆಂಟು ವರ್ಷಗಳಲ್ಲಿ ಆಕೆ ಯಾವ ಸಾಲು ಉಳಿಸಿಕೊಂಡಳು, ಯಾವುದನ್ನು ಹೊಡೆದುಹಾಕಿದಳು ಎಂದು ಪೆನ್ಸಿಲಿನಲ್ಲಿ ಗುರುತು ಮಾಡುತ್ತ ಹೋಗಿ.